ಗ್ರೀಕ್ ನಾಟಕದಲ್ಲಿ ಕನ್ನಡ, ಚಿನ್ನದ ಗಣಿಯಲ್ಲಿ ನ್ಯೂಟ್ರಿನೋ, ಇಸವಿ ತಿರುಗಿಸಿ ಬರೆದ ಕಾಸು: ನಿಮ್ಮ ಹತ್ತಿರ ಏನಿದೆ?

ಹಳೇಪೇಟೆ_ಹುಡುಗ

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು. "ಎರಡು ಸಾವಿರ ವರ್ಷದ ಹಿಂದೆ ಗ್ರೀಕರು ಕನ್ನಡದಲ್ಲಿ ನಾಟಕ ಆಡುತ್ತಿದ್ದರು, ಹೆಮ್ಮೆ ಇದ್ದರೆ ಹಂಚಿ" ಅಂತ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನು ಸುಮ್ನೆ ಇರಲಾರದೆ ಹುಡುಕಲು ಕೂತೆ. ರಾತ್ರಿ ಎರಡು ಗಂಟೆ ಆಯಿತು.

ವಿಷಯ ಪೂರ್ತಿ ಸುಳ್ಳಲ್ಲ. ಅದೇ ಮಜಾ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹಳೇ ಕಸದ ಗುಡ್ಡೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ಅಗೆದಾಗ ರಾಶಿ ರಾಶಿ ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಲದ ಕಾಗದ) ಚೂರುಗಳು ಸಿಕ್ಕಿದವು. ಅದರಲ್ಲಿ 413ನೇ ನಂಬರಿನದ್ದು ಒಂದು ಗ್ರೀಕ್ ಪ್ರಹಸನ. 1903ರಲ್ಲಿ ಅಚ್ಚಾಯಿತು. ಕ್ರಿ.ಶ. ಎರಡನೇ ಶತಮಾನದ ಸುಮಾರಿನದ್ದು. ಕಥೆ ಏನಪ್ಪಾ ಅಂದರೆ, ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದ ಒಂದು ದೇವಸ್ಥಾನದಲ್ಲಿ ಸೆರೆಯಲ್ಲಿದ್ದಾಳೆ. ಅವಳನ್ನು ಬಲಿ ಕೊಡಲು ಹೊರಟಿದ್ದಾರೆ. ಅಣ್ಣ ಹಡಗಿನಲ್ಲಿ ಬಂದು, ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ವೈನ್ ಕುಡಿಸಿ, ರಾಜನನ್ನು ಕಟ್ಟಿಹಾಕಿ, ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಇದರಲ್ಲಿ ರಾಜನ ಕಡೆಯವರು ಗ್ರೀಕ್ ಅಲ್ಲದ ಏನೋ ಭಾಷೆ ಮಾತಾಡುತ್ತಾರೆ. ಗ್ರೀಕ್ ಅಕ್ಷರದಲ್ಲೇ ಬರೆದಿದ್ದಾರೆ, ಪದದ ನಡುವೆ ಜಾಗ ಕೂಡ ಬಿಟ್ಟಿಲ್ಲ.

1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಅದು ಕನ್ನಡ ಇರಬೇಕು ಎಂದರು. ದಕ್ಷಿಣ ಭಾರತದ ಶಾಸನಗಳನ್ನು ಓದಿ ಓದಿ ಪಳಗಿದವರು, ಬೀದಿಯಲ್ಲಿ ಹೋಗುವವರಲ್ಲ. ಒಂದು ಸಾಲನ್ನು ಅವರು ಓದಿದ್ದು "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ" ಎಂದು.

ಬೆಂಗಳೂರಿನಲ್ಲಿ ಕೂತು ಇದನ್ನು ಓದಿದಾಗ ಮೈ ಜುಮ್ ಅಂದಿತು, ಸುಳ್ಳು ಹೇಳಲ್ಲ. ಹಾಗಂತ ಫಾರ್ವರ್ಡ್ ಹೇಳಿದ್ದು ಇದಲ್ಲ. ಗ್ರೀಕರು ಕನ್ನಡ ನಾಟಕ ಆಡಲಿಲ್ಲ. ಒಂದು ಗ್ರೀಕ್ ಕಾಮಿಡಿಯಲ್ಲಿ ವಿದೇಶಿಯರ ಮಾತು ಅಂತ ತೂರಿಸಿದ ಕೆಲವು ಸಾಲು ಕನ್ನಡ ಇರಬಹುದು, ಅಷ್ಟೇ.

ನಿಮ್ಮ ಹತ್ತಿರ ಇಂಥವು ಇದ್ದರೆ ಹಾಕಿ. ಸಾಹಿತ್ಯ, ವಿಜ್ಞಾನ, ರಾಜಕೀಯ ಏನಾದರೂ ಸರಿ. ಒಂದೇ ಷರತ್ತು, ಫಾರ್ವರ್ಡ್ ಬೇಡ.

ಪಕಾರ_ಹಕಾರ

ಜುಮ್ ಅಂದ ಮೈಗೆ ಸ್ವಲ್ಪ ತಣ್ಣೀರು ಹಾಕ್ತೀನಿ, ಬೇಜಾರಾಗಬೇಡಿ. ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು, ಅಭ್ಯಾಸ ಬಿಡೋದಿಲ್ಲ.

"ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ". ಈ ಸಾಲು ನನ್ನ ಹೆಂಡತಿ ಅಡುಗೆಮನೆಯಿಂದ ಹೇಳಿದ ಹಾಗಿದೆ ಅಲ್ವಾ? ತೊಂದರೆ ಇರುವುದೇ ಅಲ್ಲಿ. ಇದು ತುಂಬಾ ಚೆನ್ನಾಗಿ ಅರ್ಥ ಆಗುತ್ತದೆ. ಹಳಗನ್ನಡದಲ್ಲಿ ಹಾಲು ಅಲ್ಲ, ಪಾಲು. ಹಾವು ಅಲ್ಲ, ಪಾವು. ಹುಲಿ ಅಲ್ಲ, ಪುಲಿ. ಪಕಾರ ಹಕಾರ ಆಗಲು ಶುರುವಾಗಿದ್ದು ಹತ್ತನೇ ಶತಮಾನದ ಆಸುಪಾಸಿನಲ್ಲಿ. ಹಾಕು ಅನ್ನುವುದು ಮೊದಲು ಪಾಯ್ಕು, ಆಮೇಲೆ ಹಾಯ್ಕು, ಆಮೇಲೆ ಹಾಕು. ಎರಡನೇ ಶತಮಾನದವನು "ಹಾಕಿ" ಅಂದಿದ್ದರೆ ಅವನು ಎಂಟುನೂರು ವರ್ಷ ಮುಂಚೆ ಹುಟ್ಟಿಬಿಟ್ಟಿದ್ದ.

ಹೋಲಿಸಿ ನೋಡೋಣ ಅಂದರೆ ಆ ಕಾಲದ ಕನ್ನಡ ವಾಕ್ಯವೇ ನಮ್ಮ ಹತ್ತಿರ ಇಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು 450ರದ್ದು. ಅದನ್ನು ಇವತ್ತಿನ ಹುಡುಗರ ಮುಂದೆ ಇಟ್ಟರೆ ಒಂದು ಸಾಲು ಅರ್ಥ ಆಗೋದಿಲ್ಲ. ಅದಕ್ಕಿಂತ ಮುನ್ನೂರು ವರ್ಷ ಹಳೆಯದು ಸಲೀಸಾಗಿ ಅರ್ಥ ಆಗಿಬಿಟ್ಟರೆ ಅನುಮಾನ ಬರಬೇಕು. ಹುಲ್ಷ್ ಅವರು ಹೊಸಗನ್ನಡದ ಕಿವಿಯಿಂದ ಕೇಳಿದರು ಅನ್ನುವುದು ನನ್ನ ಅಭಿಪ್ರಾಯ.

ನಿದ್ದೆಗೆಟ್ಟವಳು

ಮೇಷ್ಟ್ರೇ, ಒಪ್ಪಿದೆ. ಆದರೆ ಹುಲ್ಷ್ ಒಬ್ಬರೇ ಅಲ್ಲ ಅಲ್ವಾ? ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳೂ ಕನ್ನಡವೇ ಅಂದರು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದವರು ಅವರೇ. ಯಾರೂ ಕಣ್ಣಿಂದ ನೋಡಿರದ ಪುಸ್ತಕವನ್ನು ಕಟ್ಟಿನೊಳಗಿಂದ ಎತ್ತಿ 1909ರಲ್ಲಿ ಅಚ್ಚು ಮಾಡಿಸಿದ ಮನುಷ್ಯ, ಪಪೈರಸ್ ಚೂರಲ್ಲಿ ಮಾತ್ರ ಎಡವಿದರು ಅನ್ನಬೇಕಾ?

ಪಕಾರ_ಹಕಾರ

ಎಡವಬಹುದು ಮೇಡಂ. ದೊಡ್ಡವರು ಎಡವಿದರೆ ಸದ್ದೂ ದೊಡ್ಡದು, ಅಷ್ಟೇ ವ್ಯತ್ಯಾಸ. 1926ರಲ್ಲಿ ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸರು ಇದು ಕನ್ನಡ ಅಲ್ಲವೇ ಅಲ್ಲ ಎಂದು ನೇರವಾಗಿ ಬರೆದರು. ಅವರು ಬ್ರಿಟಿಷ್ ಮ್ಯೂಸಿಯಂನಲ್ಲಿದ್ದು ಕನ್ನಡ ಪುಸ್ತಕಗಳ ಪಟ್ಟಿ ಮಾಡಿದವರು, ಕನ್ನಡ ಗೊತ್ತಿಲ್ಲದವರಲ್ಲ.

ಇನ್ನೊಂದು ವಿಷಯ, ಇದನ್ನು ಯಾವ ಫಾರ್ವರ್ಡೂ ಹೇಳೋದಿಲ್ಲ. ನಾಟಕದಲ್ಲಿ ಒಂದು ಉದ್ದದ ಪದ ಇದೆ. ಗ್ರೀಕ್ ಅಕ್ಷರ ಒಂದೊಂದಾಗಿ ಓದಿದರೆ "ಪನೂಂಬ್ರೇತಿಕತೆಮನುವಂಬ್ರೇತೂವೇನಿ" ಅನ್ನುವ ಥರ. ಕನ್ನಡ ವಾದದವರು ಇದನ್ನು ಒಡೆದು "ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು" ಎಂದು ಓದಿದರು. ಚೆನ್ನಾಗಿದೆ. ಆದರೆ ನಾಟಕದಲ್ಲಿ ಮುಂದಿನ ಸಾಲಲ್ಲೇ ಒಬ್ಬ ಗ್ರೀಕ್ "ಏನಂತಾರೆ ಇವರು?" ಅಂತ ಕೇಳುತ್ತಾನೆ. ಇನ್ನೊಬ್ಬ ತರ್ಜುಮೆ ಮಾಡುತ್ತಾನೆ, "ಪಾಲಿಗೆ ಚೀಟಿ ಎತ್ತೋಣ ಅಂತಾರೆ" ಅಂತ. ಅಂದರೆ ನಾಟಕಕಾರನೇ ಅರ್ಥ ಕೊಟ್ಟಿದ್ದಾನೆ, ಅದು ನಮ್ಮ ಓದಿಗೆ ಕೂಡುವುದಿಲ್ಲ! ಮಧುವೂ ಇಲ್ಲ, ಬೇರೆ ಎತ್ತುವುದೂ ಇಲ್ಲ.

ಕುಡ್ಲದವ

ಕನ್ನಡ ಅಲ್ಲ ಅಂದಮೇಲೆ ತುಳುವಿಗೆ ಬಿಟ್ಟುಕೊಡಿ ಮಾರಾಯ್ರೆ. ಕಡಲ ತೀರ ನಮ್ಮದು, ಹಡಗು ಬಂದದ್ದು ನಮ್ಮಲ್ಲಿಗೆ, ಕುಡಿದವರೂ ನಾವೇ ಇರಬೇಕು. ತಮಾಷೆ ಬಿಡಿ, ಅದು ತುಳು ಅಂತ ವಾದಿಸಿದ ವಿದ್ವಾಂಸರೂ ಇದ್ದಾರೆ. ನನಗೆ ಎಷ್ಟು ಓದಿದರೂ ತುಳು ಕೇಳಿಸಲಿಲ್ಲ. ಆ ಉದ್ದದ ಪದವನ್ನು ನನ್ನ ಅಜ್ಜನಿಗೆ ಜೋರಾಗಿ ಓದಿ ಹೇಳಿದೆ. "ಯಾರಿಗೆ ಮೈಯಲ್ಲಿ ಹುಷಾರಿಲ್ಲ?" ಅಂತ ಕೇಳಿದರು.

ಒಂದು ಬಿಟ್ಟಿರಿ. ಆ ನಾಟಕದಲ್ಲಿ ಒಬ್ಬ ಕೋಡಂಗಿ ಇದ್ದಾನೆ. ಶತ್ರುಗಳನ್ನು ಓಡಿಸಲು ಅವನ ಆಯುಧ ಹೂಸು. ನಿಜವಾಗಲೂ! ಅಂಚಿನಲ್ಲಿ ಎಲ್ಲಿ ಡೋಲು ಬಾರಿಸಬೇಕು ಅನ್ನುವ ಗುರುತುಗಳಿವೆ, ಹಾಗೇ ಎಲ್ಲಿ ಹೂಸು ಬಿಡಬೇಕು ಅಂತಲೂ ಬರೆದಿದೆ. ನಮ್ಮ ಕಂಪನಿ ನಾಟಕದವರು ಇದನ್ನು ನೋಡಿದ್ದರೆ ಅಣ್ಣತಮ್ಮಂದಿರು ಸಿಕ್ಕರು ಅನ್ನುತ್ತಿದ್ದರು.

ಹಳೇಪೇಟೆ_ಹುಡುಗ

ಹೂಸಿನ ವಿಷಯ ಗೊತ್ತಿತ್ತು, ಮೊದಲ ಪೋಸ್ಟಿನಲ್ಲೇ ಹಾಕಲು ನಾಚಿಕೆ ಆಯಿತು 😄 ಚಿಕ್ಕಪ್ಪನಿಗೆ ಕಳಿಸಿದೆ. ಕೈಮುಗಿದ ಚಿತ್ರ ಬರಲಿಲ್ಲ.

ಸಯನೈಡ್_ಗುಡ್ಡ

ನನ್ನದು ವಿಜ್ಞಾನದ್ದು. ನಾನು ಕೆ.ಜಿ.ಎಫ್. ಹುಡುಗ. ಸಿನಿಮಾ ಬಂದಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಅದಕ್ಕೆ ಉತ್ತರ ಇಲ್ಲ ಅಂತಲೇ ಹೇಳ್ತೀನಿ. ಅಪ್ಪ ಗಣಿಯಲ್ಲಿದ್ದರು. ಮನೆಯಲ್ಲಿ ಮಾತು ಅರ್ಧ ತಮಿಳು ಅರ್ಧ ಕನ್ನಡ, ಬೈಗುಳ ಮಾತ್ರ ತೆಲುಗು.

ಅಪ್ಪ ಹೇಳುತ್ತಿದ್ದ ಒಂದು ಮಾತು ಚಿಕ್ಕವನಿದ್ದಾಗ ಅರ್ಥ ಆಗುತ್ತಿರಲಿಲ್ಲ. "ಕೆಳಗೆ ಸೈಂಟಿಸ್ಟುಗಳು ಬಂದು ಏನೂ ಬಾರದೆ ಇರೋದನ್ನ ಕಾಯ್ತಾ ಕೂತಿದ್ರಂತೆ" ಅಂತ. ಕಾಲೇಜಿಗೆ ಬಂದಮೇಲೆ ಗೊತ್ತಾಯಿತು, ಅದು ಅಕ್ಷರಶಃ ನಿಜ.

ಆಕಾಶದಿಂದ ಕಾಸ್ಮಿಕ್ ಕಿರಣ ಬೀಳುತ್ತಲೇ ಇರುತ್ತವೆ. ಅವು ಗಾಳಿಗೆ ಬಡಿದು ಮ್ಯುಯಾನ್ ಎಂಬ ಕಣಗಳಾಗುತ್ತವೆ. ನೀವು ಇದನ್ನು ಓದುವಾಗಲೂ ನಿಮ್ಮೊಳಗೆ ಹಾದು ಹೋಗುತ್ತಿವೆ. ನೆಲದೊಳಗೆ ಇಳಿದಷ್ಟೂ ಕಮ್ಮಿ ಆಗುತ್ತವೆ, ಯಾಕೆಂದರೆ ಬಂಡೆ ತಡೆಯುತ್ತದೆ. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿ.ಐ.ಎಫ್.ಆರ್. ನವರು ಜಪಾನಿನವರ ಜೊತೆ ಸೇರಿ 1960ರ ದಶಕದ ಶುರುವಿನಲ್ಲಿ ಯಂತ್ರವನ್ನು ಒಂದೊಂದೇ ಆಳಕ್ಕೆ ಇಳಿಸುತ್ತಾ ಎಣಿಸಿದರು. ಸುಮಾರು 2,760 ಮೀಟರ್ ಆಳದಲ್ಲಿ ಇಟ್ಟಾಗ ಎರಡು ತಿಂಗಳು ಕಾದರೂ ಒಂದೂ ಎಣಿಕೆ ಬರಲಿಲ್ಲ. ಬೇರೆಯವರಾಗಿದ್ದರೆ ಯಂತ್ರ ಕೆಟ್ಟಿದೆ ಅಂತ ಮೇಲೆ ತರುತ್ತಿದ್ದರು. ಇವರಿಗೆ ಖುಷಿಯೋ ಖುಷಿ. ಅಷ್ಟು ಸದ್ದಿಲ್ಲದ ಜಾಗ ಇದ್ದರೆ, ಯಾವ ಬಂಡೆಗೂ ಜಗ್ಗದ ನ್ಯೂಟ್ರಿನೋ ಎಂಬ ಕಣ ಬಂದು ಬಡಿದರೆ ಕೇಳಿಸುತ್ತದೆ ಅಲ್ವಾ?

ಆಮೇಲೆ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಚಾಂಪಿಯನ್ ರೀಫ್ ಗಣಿಯಲ್ಲಿ, ಎದುರುಬದುರು ಗೋಡೆ ಥರ ಡಿಟೆಕ್ಟರ್ ನಿಲ್ಲಿಸಿದರು. ಯಾಕೆ ಗೋಡೆ ಥರ ಅಂದರೆ, ತಪ್ಪಿಸಿಕೊಂಡು ಬರುವ ಅಲ್ಪಸ್ವಲ್ಪ ಮ್ಯುಯಾನ್ ಮೇಲಿಂದ ನೆಟ್ಟಗೆ ಬೀಳುತ್ತವೆ. ಅಡ್ಡಡ್ಡ ಬಂದದ್ದು ಕಂಡರೆ ಅದು ಬಂಡೆಯೊಳಗೆ ನ್ಯೂಟ್ರಿನೋ ಹುಟ್ಟಿಸಿದ್ದು. 1965ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಜಗತ್ತಿನಲ್ಲಿ ಮೊದಲು ಸಿಕ್ಕಿದ ಎರಡು ಜಾಗಗಳಲ್ಲಿ ನಮ್ಮೂರು ಒಂದು. ಇನ್ನೊಂದು ದಕ್ಷಿಣ ಆಫ್ರಿಕಾದ ಗಣಿ. ಅದೂ ಚಿನ್ನದ್ದೇ. ಅಲ್ಲಿ ಅಮೆರಿಕದ ವಿಜ್ಞಾನಿ ರೈನ್ಸ್ ಅವರ ತಂಡಕ್ಕೆ ಫೆಬ್ರವರಿಯಲ್ಲೇ ಕಂಡಿತ್ತು. ಆದರೆ ಅಚ್ಚಿನಲ್ಲಿ ಮೊದಲು ಬಂದದ್ದು ನಮ್ಮದು. ಎರಡೂ ಅದೇ ವರ್ಷದ ಆಗಸ್ಟ್.

ಎಂ.ಜಿ.ಕೆ. ಮೆನನ್, ನಂಜನಗೂಡಿನ ಕಡೆಯ ಬಿ.ವಿ. ಶ್ರೀಕಂಠನ್, ಒಸಾಕಾದ ಮಿಯಾಕೆ, ಡರ್‌ಹಾಮಿನ ವುಲ್ಫೆಂಡೇಲ್. ಇವರೆಲ್ಲ ನಮ್ಮಪ್ಪ ಇಳಿಯುತ್ತಿದ್ದಂಥದೇ ಕೇಜಿನಲ್ಲಿ ಇಳಿದರು. ಅಪ್ಪನಿಗೆ ನ್ಯೂಟ್ರಿನೋ ಅಂದರೆ ಏನಂತ ಹೇಳಲು ಹೋದೆ. "ತೂಕ ಇಲ್ಲ, ಯಾರಿಗೂ ಸಿಗಲ್ಲ, ಗೋಡೆ ದಾಟಿ ಹೋಗುತ್ತೆ" ಅಂದೆ. "ಬೋನಸ್ ಥರ" ಅಂದರು.

ನಿದ್ದೆಗೆಟ್ಟವಳು

ಬೋನಸ್ ಥರ 😂😂 ಅಪ್ಪನಿಗೆ ನಮಸ್ಕಾರ ಹೇಳಿ.

ಅಂದಹಾಗೆ ತೂಕ ಇಲ್ಲ ಅನ್ನುವುದು ಆಗಿನ ನಂಬಿಕೆ. ಒಂಚೂರು ಇದೆ ಅಂತ ಆಮೇಲೆ ಗೊತ್ತಾಯಿತು. ಗೊತ್ತಾದದ್ದೂ ಇದೇ ವಾತಾವರಣದ ನ್ಯೂಟ್ರಿನೋಗಳಿಂದ, 1998ರಲ್ಲಿ, ಜಪಾನಿನ ಒಂದು ಗಣಿಯಲ್ಲಿ. 2015ರಲ್ಲಿ ಅದಕ್ಕೆ ನೊಬೆಲ್ ಬಂತು.

ನಿಮ್ಮ ಊರಿನದ್ದು ನನ್ನ ಹತ್ತಿರವೂ ಒಂದಿದೆ. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ತಯಾರಾದಾಗ ಅದು ಹೋಗಿದ್ದು ಮೈಸೂರು ಅರಮನೆಗಲ್ಲ, ಬೆಂಗಳೂರಿಗೂ ಅಲ್ಲ. ನೂರೈವತ್ತು ಕಿಲೋಮೀಟರ್ ಹತ್ತಿರ ತಂತಿ ಎಳೆದು ಸೀದಾ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿಗೆ ದೀಪ ಹತ್ತಿದ್ದು 1905ರಲ್ಲಿ. ಮೂರು ವರ್ಷ ರಾಜಧಾನಿ ಕತ್ತಲಲ್ಲಿ, ಗಣಿ ಬೆಳಕಲ್ಲಿ.

ಸಯನೈಡ್_ಗುಡ್ಡ

ಹೌದು. 2001ರಲ್ಲಿ ಗಣಿ ಮುಚ್ಚಿದರು. ಈಗ ಕೆಳಗೆ ನೀರು ತುಂಬಿದೆ. ಆ ಡಿಟೆಕ್ಟರ್ ನಿಂತಿದ್ದ ಜಾಗ ನೀರಿನೊಳಗೆ. ಮೇಲೆ ಸಯನೈಡ್ ಮಣ್ಣಿನ ಗುಡ್ಡಗಳು ಉಳಿದಿವೆ, ಗಾಳಿ ಬೀಸಿದರೆ ಒಣಗಲು ಹಾಕಿದ ಬಟ್ಟೆ ಮೇಲೆ ಬಿಳಿ ಪುಡಿ ಕೂರುತ್ತದೆ. ನನ್ನ ಹೆಸರು ಅಲ್ಲಿಂದ ಬಂದದ್ದು. ಬೋರ್ಡ್ ಏನಾದರೂ ಇದೆಯಾ ಅಂತ ಕೇಳಬೇಡಿ.

ಸಾಲಗಾರ

ಚಿಕ್ಕದೊಂದು. ಬೆಂಗಳೂರು ಕ್ಲಬ್ಬಿನ ಹಳೇ ಲೆಕ್ಕದ ಪುಸ್ತಕದಲ್ಲಿ 1899ರ ಜೂನ್‌ನಲ್ಲಿ ವಸೂಲಾಗದ ಬಾಕಿ ಅಂತ ಬರೆದ ಪಟ್ಟಿ ಇದೆ. ಅದರಲ್ಲಿ ಲೆಫ್ಟಿನೆಂಟ್ ಡಬ್ಲ್ಯು.ಎಲ್.ಎಸ್. ಚರ್ಚಿಲ್, 13 ರೂಪಾಯಿ. ಅದೇ ಚರ್ಚಿಲ್. ಆಮೇಲೆ ಪ್ರಧಾನಿ ಆದ, 1953ರಲ್ಲಿ ನೊಬೆಲ್ ಕೂಡ ಬಂತು. ಶಾಂತಿಗಲ್ಲ, ಸಾಹಿತ್ಯಕ್ಕೆ. ದುಡ್ಡು ಮಾತ್ರ ಬರಲಿಲ್ಲ.

ಕುಡ್ಲದವ

ನಮ್ಮೂರ ಗೂಡಂಗಡಿಯವರು ಆಗಿದ್ದರೆ ಲಂಡನ್ನಿಗೆ ಹೋಗಿ ವಸೂಲು ಮಾಡುತ್ತಿದ್ದರು.

ಕಾಸಿಗೊಂದು_ಕಥೆ

ಒಂದು ಸಹಾಯ ಬೇಕು. ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಒಂದು ತಾಮ್ರದ ಕಾಸು ಇದೆ. ನಾವು ಮಂಡ್ಯ ಕಡೆಯವರು. ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್ ಅಕ್ಷರ. ಟಿಪ್ಪು ಕಾಸು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇಸವಿ ಓದಲು ಇಂಟರ್ನೆಟ್‌ನಲ್ಲಿ ಅರಬ್ಬಿ ಅಂಕಿ ಕಲಿತೆ. ಓದಿದರೆ 4221 ಅಂತ ಬರುತ್ತಿದೆ! ಮೊನ್ನೆ ಒಂದು ಅಂಗಡಿಯಲ್ಲಿ ತೋರಿಸಿದೆ. "ಇನ್ನೂ ಎರಡು ಸಾವಿರ ವರ್ಷ ಆದಮೇಲೆ ಬರೋ ಇಸವಿ ಹಾಕಿದಾರೆ, ನಕಲಿ ಮಾಡೋವ್ನಿಗೆ ಬುದ್ಧಿ ಇಲ್ಲ" ಅಂತ ನಕ್ಕು, ಬೇಕಾದರೆ ಐವತ್ತು ರೂಪಾಯಿ ಕೊಡ್ತೀನಿ ಅಂದ. ಕೊಡಲಿಲ್ಲ. ಅಜ್ಜಿಗೆ ಮಾತ್ರ ಬೇಜಾರಾಗಿದೆ.

ಹಳೇಪೇಟೆ_ಹುಡುಗ

ಸದ್ಯ ಕೊಡಲಿಲ್ಲ! ಈ ವೇದಿಕೆಯಲ್ಲಿ ನಾಣ್ಯ ಗೊತ್ತಿರುವವರು ಇದ್ದಾರೆ, ಕರೀತೀನಿ. @ಟಂಕಸಾಲೆ

ಟಂಕಸಾಲೆ

ಬಂದೆ. ಆ ಅಂಗಡಿಯವನಿಗೆ ಒಂದು ವಿಷಯ ಗೊತ್ತಿಲ್ಲ, ಅಥವಾ ಚೆನ್ನಾಗಿ ಗೊತ್ತಿದೆ.

ಟಿಪ್ಪು ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅರಬ್ಬಿ, ಪರ್ಷಿಯನ್ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ನಮ್ಮ ಹಾಗೇ ಎಡದಿಂದ ಬಲಕ್ಕೆ ಇರುತ್ತದೆ. ಇವನಿಗೆ ಅದು ಸರಿ ಕಾಣಲಿಲ್ಲ. ಅಕ್ಷರ ಹೋದ ಕಡೆಗೇ ಅಂಕಿಯೂ ಹೋಗಲಿ ಅಂದ. ನಿಮ್ಮ 4221 ಅಂದರೆ 1224.

ಆದರೆ ಅದು ಹಿಜರಿ 1224 ಕೂಡ ಅಲ್ಲ. ಹಿಜರಿ ಲೆಕ್ಕ ಹಾಕಿದರೆ 1809 ಬರುತ್ತದೆ, ಟಿಪ್ಪು ಸತ್ತಿದ್ದು 1799ರ ಮೇ 4. ಇವನು 1787ರ ಸುಮಾರಿಗೆ ಹೊಸ ಶಕವನ್ನೇ ಶುರು ಮಾಡಿದ, ಮೌಲೂದಿ ಅಂತ. ಪ್ರವಾದಿಯವರ ವಲಸೆಯಿಂದ ಎಣಿಸುವ ಬದಲು ಜನನದಿಂದ ಎಣಿಸುವುದು. ಆ ಲೆಕ್ಕದಲ್ಲಿ 1224 ಅಂದರೆ 1796ರ ಆಸುಪಾಸು.

ಈಗ ನಿಜವಾದ ಮಜಾ ಕೇಳಿ. ಹಿಜರಿ ಪಂಚಾಂಗ ಪೂರ್ತಿ ಚಂದ್ರನದ್ದು, ಋತುವಿಗೆ ಹೊಂದಲ್ಲ. ಕಂದಾಯ ವಸೂಲಿಗೆ ಕಷ್ಟ, ಫಸಲು ಒಂದು ಕಡೆ ತಿಂಗಳು ಒಂದು ಕಡೆ. ಟಿಪ್ಪು ಏನು ಮಾಡಿದ ಅಂದರೆ ನಮ್ಮ ಪಂಚಾಂಗದ ಲೆಕ್ಕವನ್ನೇ ಇಟ್ಟುಕೊಂಡ. ವರ್ಷ ಶುರು ಚೈತ್ರಕ್ಕೆ, ಅಂದರೆ ಯುಗಾದಿಗೆ. ಪ್ರಭವ ವಿಭವ ಅನ್ನುವ ಅರವತ್ತು ಸಂವತ್ಸರದ ಚಕ್ರವೂ ಇದೆ. ಹೆಸರು ಮಾತ್ರ ಬದಲು. ಚೈತ್ರಕ್ಕೆ ಅಹಮದಿ, ವೈಶಾಖಕ್ಕೆ ಬಹಾರಿ, ಹೀಗೆ. ಕಾಸುಗಳಿಗೂ ಹೊಸ ಹೆಸರು. ತಾಮ್ರದವಕ್ಕೆ ಗ್ರಹ ನಕ್ಷತ್ರಗಳದ್ದು. ಒಂದು ಪೈಸೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಅಂದರೆ ಮಂಗಳ. ಅತಿ ಚಿಕ್ಕದು ಕುತುಬ್, ಧ್ರುವ ನಕ್ಷತ್ರ. ಫ್ರಾನ್ಸಿನ ಕ್ರಾಂತಿಯವರು ತಿಂಗಳ ಹೆಸರು ಬದಲಿಸಿದ್ದು 1793ರಲ್ಲಿ, ಇವನು ಅದಕ್ಕಿಂತ ಮೊದಲೇ.

ರಣಭೇರಿ

ಹಾಗಾದರೆ ನಾಸಾದವರು ಟಿಪ್ಪುವನ್ನು ರಾಕೆಟ್ ಪಿತಾಮಹ ಅಂತ ಘೋಷಿಸಿದ್ದನ್ನೂ ಹಾಕಿ. ಯಾರೂ ಹೇಳ್ತಾನೇ ಇಲ್ಲ.

ಟಂಕಸಾಲೆ

ಘೋಷಣೆ ಯಾವುದೂ ಇಲ್ಲ. ಅಬ್ದುಲ್ ಕಲಾಂ ಅವರು ನಾಸಾದ ವಾಲಪ್ಸ್ ಕೇಂದ್ರಕ್ಕೆ ಹೋದಾಗ ಅಲ್ಲಿನ ಹಜಾರದಲ್ಲಿ ಟಿಪ್ಪುವಿನ ಸೈನಿಕರು ರಾಕೆಟ್ ಹಾರಿಸುವ ಚಿತ್ರ ನೋಡಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಗೋಡೆ ಮೇಲಿನ ಒಂದು ಚಿತ್ರ ಹಂಚಿ ಹಂಚಿ ಪ್ರಶಸ್ತಿ ಆಯಿತು. ಚಿತ್ರಕ್ಕಿಂತ ಗಟ್ಟಿ ಸಾಕ್ಷಿ ನಮ್ಮಲ್ಲೇ ಇದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಹಾಳು ಬಾವಿಯ ಹೂಳು ತೆಗೆದಾಗ ಸಾವಿರಕ್ಕೂ ಜಾಸ್ತಿ ಕಬ್ಬಿಣದ ರಾಕೆಟ್ ಕೊಳವೆ ಸಿಕ್ಕಿದವು. ಕೆಸರಿನ ವಾಸನೆಯಲ್ಲಿ ಮದ್ದಿನ ವಾಸನೆ ಬಂದು ಕೆಲಸದವರಿಗೆ ಅನುಮಾನ ಬಂತಂತೆ.

ರಣಭೇರಿ

ಮತ್ತೆ ಅವನು ಕೊಡಗಿನಲ್ಲಿ ಮಾಡಿದ್ದು? ಅದನ್ನೂ ಬರೀರಿ.

ನಿರ್ವಾಹಕ

ಆ ಚರ್ಚೆಗೆ ಬೇರೆ ಎಳೆ ಇದೆ, ಈಗಾಗಲೇ ನೂರು ಪುಟ ದಾಟಿದೆ. ಅಲ್ಲಿ ಮುಂದುವರಿಸಿ. ಇಲ್ಲಿ ಕುತೂಹಲದ ವಿಷಯ ಮಾತ್ರ.

ನಿದ್ದೆಗೆಟ್ಟವಳು

ನಿರ್ವಾಹಕರು ಬಾಗಿಲು ಹಾಕುವ ಮುಂಚೆ ಫ್ರೆಂಚರ ವಿಷಯ ಒಂದು. ಶ್ರೀರಂಗಪಟ್ಟಣದಲ್ಲಿ 1797ರಲ್ಲಿ ಫ್ರೆಂಚ್ ಕ್ರಾಂತಿಯ ಕಡೆಯವರ ಜಾಕೊಬಿನ್ ಕ್ಲಬ್ ಇತ್ತು, ರಾಜರೆಲ್ಲ ನಾಶವಾಗಲಿ ಅಂತ ಪ್ರಮಾಣ ಮಾಡಿದರು, ಟಿಪ್ಪು ಒಬ್ಬನನ್ನು ಬಿಟ್ಟು, ಅವನು "ಸಿಟಿಜನ್ ಟಿಪ್ಪು" ಅಂತ ಓದಿದ್ದೀರಲ್ಲ? ಆ ಕಾಗದಪತ್ರಗಳು ಹೊರಬಂದದ್ದು ಈಸ್ಟ್ ಇಂಡಿಯಾ ಕಂಪನಿಯವರ ಕೈಯಿಂದಲೇ, ಯುದ್ಧ ಸರಿ ಅಂತ ತೋರಿಸಿಕೊಳ್ಳಬೇಕಿದ್ದ ಸಮಯದಲ್ಲೇ. ಅದಕ್ಕೇ ಕೆಲವು ಇತಿಹಾಸಕಾರರು ನಂಬುವುದಿಲ್ಲ.

ಅನುಮಾನ ಇಲ್ಲದ್ದು ಇನ್ನೊಂದಿದೆ, ಅದು ಇನ್ನೂ ವಿಚಿತ್ರ. ಟಿಪ್ಪು ಮಾರಿಷಸ್ಸಿನ ಫ್ರೆಂಚ್ ಗವರ್ನರ್‌ಗೆ ಗುಟ್ಟಾಗಿ ಸೈನ್ಯ ಕೇಳಿ ದೂತರನ್ನು ಕಳಿಸಿದ. ಗವರ್ನರ್ ಮಲಾರ್ತಿಕ್ ಏನು ಮಾಡಿದ? 1798ರ ಜನವರಿಯಲ್ಲಿ "ಟಿಪ್ಪು ಇಂಗ್ಲಿಷರ ಮೇಲೆ ಯುದ್ಧಕ್ಕೆ ನೆರವು ಕೇಳಿದ್ದಾನೆ, ಯಾರು ಬರುತ್ತೀರಿ" ಅಂತ ಊರೆಲ್ಲ ಡಂಗುರ ಸಾರಿದ. ಅದು ಅಚ್ಚಾಗಿ ಕಲ್ಕತ್ತೆಯ ಪತ್ರಿಕೆಗೆ ಬಂತು. ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲೇ ಕೂತು ಓದಿದ. ಇಷ್ಟೆಲ್ಲ ಆಗಿ ಮಂಗಳೂರಿಗೆ ಬಂದು ಇಳಿದವರು ನೂರರ ಆಸುಪಾಸು ಜನ. ನಮ್ಮ ಅಪಾರ್ಟ್‌ಮೆಂಟಿನ ಗಣಪತಿ ಹಬ್ಬಕ್ಕೆ ಅದಕ್ಕಿಂತ ಜಾಸ್ತಿ ಜನ ಬರ್ತಾರೆ.

ಪಕಾರ_ಹಕಾರ

ಗುಟ್ಟು ಹೇಳಬೇಕಾದರೆ ಗಾಳಿಗೆ ಹೇಳಬೇಡ ಅಂತ ನಮ್ಮಮ್ಮ ಅನ್ನುತ್ತಿದ್ದಳು. ಇವನು ಗವರ್ನರಿಗೆ ಹೇಳಿದ.

ಕಾಸಿಗೊಂದು_ಕಥೆ

@ಟಂಕಸಾಲೆ ಸಾರ್, ತುಂಬಾ ಥ್ಯಾಂಕ್ಸ್. ಅಜ್ಜಿಗೆ ಓದಿ ಹೇಳಿದೆ. ಆದರೂ ನಕಲಿ ಅಲ್ಲ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ?

ಟಂಕಸಾಲೆ

ಫೋಟೋ ನೋಡದೆ ಪಕ್ಕಾ ಹೇಳಲಾರೆ. ತೂಕ, ಅಂಚು, ತಾಮ್ರದ ಬಣ್ಣ ಎಲ್ಲ ನೋಡಬೇಕು. ಒಂದು ಗುರುತು ಹೇಳ್ತೀನಿ. 1224ರಿಂದ ಕೊನೆಯ ನಾಲ್ಕು ವರ್ಷ ಆನೆಯ ಮೇಲೆ ಒಂದೊಂದು ಅಕ್ಷರ ಹಾಕುತ್ತಿದ್ದರು. 1224ಕ್ಕೆ ಅಲಿಫ್, 1225ಕ್ಕೆ ಬೇ, 26ಕ್ಕೆ ತೇ, 27ಕ್ಕೆ ಸೇ. ನಮ್ಮ ಅ ಆ ಇ ಈ ಇದ್ದ ಹಾಗೆ. ನಿಮ್ಮದರಲ್ಲಿ ಅಲಿಫ್ ಇರಬೇಕು. ಅಲಿಫ್ ಅಂದರೆ ಸುಮ್ನೆ ಒಂದು ನಿಂತ ಗೆರೆ. ಆನೆಯ ಬೆನ್ನಿನ ಮೇಲೆ ನೋಡಿ. ದಯವಿಟ್ಟು ಉಜ್ಜಬೇಡಿ, ಹುಣಸೆಹಣ್ಣು ಪೀತಾಂಬರಿ ಏನೂ ಬೇಡ.

ಕಾಸಿಗೊಂದು_ಕಥೆ

ಸಾರ್, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ಬೆನ್ನಿನ ಮೇಲೆ, ಸ್ವಲ್ಪ ತಲೆ ಕಡೆಗೆ, ಒಂದು ನಿಂತ ಗೆರೆ ಇದೆ. ಅಜ್ಜಿಗೆ ತೋರಿಸಿದೆ. "ಅಯ್ಯೋ ಅದಾ, ಅದು ಗೀರು ಕಣೋ, ನಾನು ಪ್ರತಿ ವರ್ಷ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ಉಜ್ತೀನಿ, ಹೋಗೋದೇ ಇಲ್ಲ" ಅಂದರು.